ಉಸಿರು ಗಮನಿಸೋಕೆ ಕೂತ್ರೆ ಆತಂಕ ಇನ್ನೂ ಜಾಸ್ತಿ ಆಗುತ್ತೆ, ಯಾಕೆ? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ, ಆತಂಕ ಶುರುವಾದ ಕೂಡಲೇ ಕಣ್ಣು ಮುಚ್ಚಿ ಉಸಿರು ಗಮನಿಸೋಕೆ ಕೂತ್ರೆ ಎದೆಬಡಿತ ಇನ್ನೂ ಜೋರಾಗಿ ಕೇಳಿಸುತ್ತೆ. ಐದು ನಿಮಿಷ ಕಳೆದ್ರೂ ಇಳಿಯಲ್ಲ, "ಇದೂ ಕೆಲಸ ಮಾಡ್ತಿಲ್ಲ" ಅನ್ನೋ ಹೊಸ ಚಿಂತೆ ಸೇರ್ಕೊಳ್ಳುತ್ತೆ. ದಿನಾ ಅರ್ಧ ಗಂಟೆ ಧ್ಯಾನಕ್ಕೆ ಕೂರೋಷ್ಟು ಪುರುಸೊತ್ತು ಇಲ್ಲದವರು ದಿನದ ಕೆಲಸದ ನಡುವೆಯೇ ಮಾಡೋ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗ್ತಿರೋದನ್ನ ಹಾಗೇ ಗಮನಿಸೋ ಅಭ್ಯಾಸ) ಇದ್ರೆ ಹಂತ ಹಂತವಾಗಿ ಹೇಳಿ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಇದರಲ್ಲಿ ಎರಡು ತೊಡಕುಗಳಿವೆ.

ಒಂದು, ಸಮಯದ್ದು. ಆತಂಕ ಏರಿದ ಮೇಲೆ ಅಭ್ಯಾಸಕ್ಕೆ ಕೂರುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅಲೆದುಹೋದ ಗಮನವನ್ನು ವಾಪಸ್ ಕರೆತರುವುದು ಒಂದು ಕೌಶಲ. ಮನಸ್ಸು ಸಾಧಾರಣವಾಗಿರುವಾಗ ಸಾಕಷ್ಟು ಸಲ ಮಾಡಿದ್ದರೆ ಮಾತ್ರ ಗಾಬರಿಯ ಹೊತ್ತಿನಲ್ಲಿ ಅದು ಒದಗಿ ಬರುತ್ತದೆ.

ಇನ್ನೊಂದು, ಉದ್ದೇಶದ್ದು. ಹೆಚ್ಚಿನವರು ಸೋಲುವುದು ಇಲ್ಲೇ. "ಇಳಿಯಿತಾ? ಇನ್ನೂ ಇಲ್ವಾ?" ಎಂದು ಅರೆಗಳಿಗೆಗೊಮ್ಮೆ ಪರೀಕ್ಷಿಸುತ್ತಾ ಉಸಿರು ನೋಡಿದರೆ, ನೀವು ಉಸಿರನ್ನಲ್ಲ, ಆತಂಕವನ್ನೇ ಕಾಯುತ್ತಾ ಕೂತಿರುತ್ತೀರಿ. ಕಾಯಬೇಕಾದಷ್ಟು ಅಪಾಯ ಇದೆ ಅಂತಲೇ ಮೆದುಳು ಲೆಕ್ಕ ಹಾಕುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ಹೇಳಿ ಐದು ನಿಮಿಷ ಬಿಟ್ಟರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಯೋಚಿಸಬಹುದು" ಎಂದಾಗ, ಮೊದಲೇ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿಯ ಕಾಟ ಹೆಚ್ಚಾಯಿತು. ಆತಂಕವನ್ನು ಓಡಿಸಲೆಂದೇ ಮೈಂಡ್‌ಫುಲ್‌ನೆಸ್ ಬಳಸಿದರೂ ಇದೇ ಗತಿ. ಆತಂಕ ಇರುವಾಗಲೇ ಗಮನವನ್ನು ಇನ್ನೊಂದು ಕಡೆ ಇಡಲು ಕಲಿಯುವುದು ಇದರ ಕೆಲಸ. ಇಳಿಯುವುದು ಅದರ ಬೆನ್ನಿಗೆ, ತನ್ನ ಪಾಡಿಗೆ ಆಗುತ್ತದೆ, ಕೆಲವೊಮ್ಮೆ ಆಗುವುದೂ ಇಲ್ಲ.

ಈಗ ಮಾಡುವ ಕ್ರಮ. ದಿನಾ ತಪ್ಪದೆ ಮಾಡುವ, ಕೈಗೆ ಕೆಲಸ ಇರುವ, ಎರಡು ಮೂರು ನಿಮಿಷದ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಹಲ್ಲುಜ್ಜುವುದು, ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು, ಮೆಟ್ಟಿಲು ಹತ್ತುವುದು, ಯಾವುದಾದರೂ ಸರಿ. ಊಟವನ್ನು ಮೊದಲಿಗೇ ಹಿಡಿಯಬೇಡಿ. ಮಾತು, ಮೊಬೈಲು, ಟಿವಿ ಎಲ್ಲ ಅದರ ಜೊತೆಗೇ ಬರುತ್ತವೆ.

ಶುರುವಿಗೆ ಒಂದು ಗುರುತು ಇಟ್ಟುಕೊಳ್ಳಿ. ಪಾತ್ರೆ ತೊಳೆಯುವುದಾದರೆ ಕೈ ನಲ್ಲಿಗೆ ತಾಗಿದ ಕ್ಷಣವೇ ಗುರುತು. ಆಮೇಲೆ ಒಂದೇ ಇಂದ್ರಿಯ ಹಿಡಿಯಿರಿ: ನೀರಿನ ಬಿಸಿ ಅಥವಾ ತಂಪು, ಅದು ಬೆರಳ ಸಂದಿನಲ್ಲಿ ಇಳಿಯುವುದು, ಪಾತ್ರೆಯ ಅಂಚು ಅಂಗೈಗೆ ಒತ್ತುವುದು. ಕೆಲವೇ ಸೆಕೆಂಡಿಗೆ ಮನಸ್ಸು ಎಲ್ಲಿಗೋ ಹೋಗಿರುತ್ತದೆ. ಹೋಗಿದೆ ಎಂದು ಗೊತ್ತಾದಾಗ ಮನಸ್ಸಿನಲ್ಲೇ ಒಂದೇ ಪದ ಹೇಳಿ: "ಚಿಂತೆ", "ಲೆಕ್ಕಾಚಾರ", "ನೆನಪು". ಹೇಳಿ, ಅದೇ ಬೆರಳಿನ ಸಂದಿಗೆ ಮರಳಿ. ಎರಡು ನಿಮಿಷದಲ್ಲಿ ಹದಿನೈದು ಸಲ ಹೋಗಿ ಹದಿನೈದು ಸಲ ಮರಳಿದರೆ ಅದು ಒಳ್ಳೆಯ ಅಭ್ಯಾಸ, ಏಕೆಂದರೆ ಅಭ್ಯಾಸ ಇರುವುದೇ ಮರಳುವುದರಲ್ಲಿ. ಕೆಲಸ ಮುಗಿದ ಮೇಲೆ ಮುಂದಿನದಕ್ಕೆ ಕೈ ಹಾಕುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಒಂದು ವಾರ ಇದೊಂದೇ. ಎರಡನೇ ವಾರಕ್ಕೆ ಬೇಕಾದರೆ ಇನ್ನೊಂದು ಕೆಲಸ ಸೇರಿಸಿ.

ಕೆಡುವುದು ಎಲ್ಲಿ ಎಂದರೆ, ಮೊದಲ ದಿನವೇ "ಇವತ್ತಿನಿಂದ ಇಡೀ ದಿನ ಎಚ್ಚರದಲ್ಲಿರ್ತೀನಿ" ಎಂದು ಹೊರಡುವುದು. ಮೂರನೇ ದಿನಕ್ಕೆ ಅದು ಕೈಬಿಟ್ಟಿರುತ್ತದೆ. ಬೇಕೆಂದೇ ನಿಧಾನ ಮಾಡುವುದೂ ಬೇಡ, ಮಾಮೂಲಿ ವೇಗ ಸಾಕು. "ಈಗ ನೀರು ಬಿತ್ತು, ಈಗ ಸೋಪು ಹಚ್ಚಿದೆ" ಎಂದು ತಲೆಯೊಳಗೆ ಕಾಮೆಂಟರಿ ಓಡಿಸಬೇಡಿ, ಅದು ಕೂಡ ಯೋಚನೆಯೇ. ಒಂದು ಮುಖ್ಯ ಎಚ್ಚರಿಕೆ: ಮತ್ತೆ ಮತ್ತೆ ಕೈತೊಳೆಯುವ ಗೀಳು ಇರುವವರು ತೊಳೆಯುವ ಕೆಲಸ ಯಾವುದನ್ನೂ ಆರಿಸಿಕೊಳ್ಳಬಾರದು. ಬೀಗ, ಸ್ವಿಚ್ಚು ಸರಿಯಾಗಿದೆಯಾ ಎಂದು ನೋಡುತ್ತಲೇ ಇರುವವರು ಬೀಗ ಹಾಕುವುದನ್ನು ಆರಿಸಬಾರದು. ಗಮನ ಅಲ್ಲಿಗೆ ಸೇರಿದರೆ ಗೀಳಿಗೇ ಬಲ ಬರುತ್ತದೆ.

ಪ್ರಶ್ನೆ: ಎರಡು ನಿಮಿಷಕ್ಕೆ ನಿಜವಾಗ್ಲೂ ಆತಂಕ ಕಡಿಮೆ ಆಗುತ್ತಾ ಮೇಡಂ? ಸಂಶೋಧನೆಗಳಲ್ಲಿ ಹೇಳೋದು ಎಂಟು ವಾರದ ಕೋರ್ಸ್ ಅಲ್ವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಸರಿಯಾಗಿ ಹಿಡಿದಿರಿ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಎಂಟು ವಾರ, ವಾರಕ್ಕೊಂದು ಸುಮಾರು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಾ 45 ನಿಮಿಷದ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ ಶಿಬಿರ ಇರುತ್ತದೆ. ಹೆಚ್ಚಿನ ಗಟ್ಟಿ ಪುರಾವೆ ಇರುವುದು ಇಂಥ ಕಾರ್ಯಕ್ರಮಗಳಿಗೆ. ಹಲ್ಲುಜ್ಜುವ ಎರಡು ನಿಮಿಷ ಅದಕ್ಕೆ ಸಮ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದಿನದ ಕೆಲಸಗಳಲ್ಲಿ ಗಮನ ಇಡುವುದು ಆ ಕಾರ್ಯಕ್ರಮದಲ್ಲೂ ಇದೆ, ಆದರೆ ಕೂತು ಮಾಡುವುದರ ಜೊತೆಗೆ.

ಹಾಗಾಗಿ ಎರಡು ನಿಮಿಷ ಹೊಸಿಲು ಅಂದುಕೊಳ್ಳಿ. ಮೂರನೇ ವಾರದಿಂದ ದಿನಕ್ಕೆ ಹತ್ತು ನಿಮಿಷ ಕೂತು ಅಥವಾ ನಡೆದು ಮಾಡಿ. ನಡೆಯುವುದು ಆತಂಕದವರಿಗೆ ಹೆಚ್ಚಾಗಿ ಒಗ್ಗುತ್ತದೆ: ಹತ್ತು ಹದಿನೈದು ಹೆಜ್ಜೆ ಉದ್ದದ ಜಾಗ, ಕಣ್ಣು ತೆರೆದಿರಲಿ, ಹಿಮ್ಮಡಿ ಊರುವುದು, ಅಂಗಾಲು ಒತ್ತುವುದು, ಬೆರಳು ನೆಲ ಬಿಡುವುದು. ಮೈಯಲ್ಲಿ ಚಡಪಡಿಕೆ ತುಂಬಿರುವಾಗ ಅಲ್ಲಾಡದೆ ಕೂರು ಎನ್ನುವುದು ವಿನಾಕಾರಣ ಶಿಕ್ಷೆ.

ಪ್ರಶ್ನೆ: "ದೀರ್ಘವಾಗಿ ಉಸಿರೆಳ್ಕೊಳ್ಳಿ" ಅಂತ ಎಲ್ರೂ ಹೇಳ್ತಾರೆ. ನಾಲ್ಕೈದು ಸಲ ಎಳ್ಕೊಂಡ್ರೆ ತಲೆ ಸುತ್ತಿ ಬೆರಳ ತುದಿ ಜುಮ್ಮೆನ್ನುತ್ತೆ. ಇದು ಸರೀನಾ ಡಾಕ್ಟ್ರೇ?

ಉತ್ತರ (ಮನೋವೈದ್ಯರು): ಸರಿಯಿಲ್ಲ, ಆದರೆ ಹೆದರುವಂಥದ್ದೂ ಅಲ್ಲ. ಆತಂಕದಲ್ಲಿ ಉಸಿರಾಟ ಆಗಲೇ ಅಗತ್ಯಕ್ಕಿಂತ ಹೆಚ್ಚಾಗಿರುತ್ತದೆ. ಅದರ ಮೇಲೆ ಎದೆ ತುಂಬ ಎಳೆದೆಳೆದು ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ ಇಳಿಯುತ್ತದೆ. ಅದರಿಂದ ಮೆದುಳಿನ ರಕ್ತನಾಳಗಳು ಕುಗ್ಗಿ ತಲೆ ಹಗುರಾಗುತ್ತದೆ, ಬೆರಳು ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಎದೆ ಬಿಗಿದಂತಾಗುತ್ತದೆ. ವಿಚಿತ್ರವೆಂದರೆ "ಉಸಿರು ಸಾಲುತ್ತಿಲ್ಲ" ಎಂದೂ ಅನ್ನಿಸುತ್ತದೆ, ಅದಕ್ಕೇ ಇನ್ನಷ್ಟು ಎಳೆಯುತ್ತಾರೆ.

ಎಳೆಯುವುದನ್ನು ಬಿಟ್ಟು, ಹೊರಹಾಕುವುದನ್ನು ಉದ್ದ ಮಾಡಿ. ಮೂಗಿನಿಂದ, ಸದ್ದಿಲ್ಲದೆ, ನಾಲ್ಕು ಎಣಿಸುವಷ್ಟು ಒಳಗೆ. ಆರು ಎಣಿಸುವಷ್ಟು ಹೊರಗೆ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಪ್ರಮಾಣ ಮಾಮೂಲಿನಷ್ಟೇ ಇರಲಿ. ಭುಜ ಮೇಲೇಳಬಾರದು, ಹೊಟ್ಟೆ ಮೆಲ್ಲಗೆ ಉಬ್ಬಿದರೆ ಸಾಕು. ನಾಲ್ಕು-ಆರು ಕಷ್ಟವಾದರೆ ಮೂರು-ನಾಲ್ಕರಿಂದ ಶುರು ಮಾಡಿ. ಮೂರರಿಂದ ಐದು ನಿಮಿಷ. ಉಸಿರು ಒಳಗೆ ಹೋಗುವಾಗ ಹೃದಯ ಬಡಿತ ತುಸು ಏರುತ್ತದೆ, ಹೊರಬರುವಾಗ ಇಳಿಯುತ್ತದೆ. ಹೊರಹಾಕುವ ಹೊತ್ತು ಹೆಚ್ಚಿಸುವುದು ಅದಕ್ಕೇ. ಬಾಯಿಗೆ ಕಾಗದದ ಚೀಲ ಹಿಡಿದು ಉಸಿರಾಡುವ ಹಳೆಯ ಉಪಾಯ ಬೇಡ. ಅದು ಆತಂಕವಲ್ಲದೆ ಅಸ್ತಮಾನೋ ಹೃದಯದ ತೊಂದರೆಯೋ ಆಗಿದ್ದರೆ ಆಮ್ಲಜನಕ ಅಪಾಯಕಾರಿಯಾಗಿ ಇಳಿಯಬಹುದು.

ಇನ್ನೊಂದು ಮಾತು. ಹೀಗೆ ಎಣಿಸಿ ಉಸಿರಾಡುವುದು ಉಸಿರಿನ ನಿಯಂತ್ರಣ. ಉಸಿರು ಹೇಗಿದೆಯೋ ಹಾಗೆ ಬಿಟ್ಟು ನೋಡುವುದು ಮೈಂಡ್‌ಫುಲ್‌ನೆಸ್. ಎರಡೂ ಉಪಯುಕ್ತ, ಒಂದೇ ಹೊತ್ತಿಗೆ ಮಾಡಲು ಹೋಗಬೇಡಿ. ಉಸಿರು ನೋಡಿದೊಡನೆ ಗಾಬರಿ ಏರುವವರು ಉಸಿರಿನ ತಂಟೆಗೇ ಹೋಗದೆ ಅಂಗಾಲು, ಅಂಗೈ ಅಥವಾ ಸುತ್ತಲಿನ ಸದ್ದನ್ನು ಹಿಡಿದುಕೊಳ್ಳಬಹುದು. ಉಸಿರೇ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ.

ಪ್ರಶ್ನೆ: ಜನರ ನಡುವೆ ಇರುವಾಗ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಉಕ್ಕೋ ತೀವ್ರ ಗಾಬರಿ) ಬಂದ್ರೆ? ಸುತ್ತಲಿನ ಐದು ವಸ್ತು ನೋಡು, ನಾಲ್ಕು ಮುಟ್ಟು, ಮೂರು ಸದ್ದು ಕೇಳು ಅನ್ನೋ ವಿಧಾನ ಮೊದಮೊದಲು ಕೆಲಸ ಮಾಡಿ ಆಮೇಲೆ ಮಾಡಲ್ಲ ಅಂತಾರಲ್ಲ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಕೆಲಸ ಮಾಡದಿರುವುದಕ್ಕೆ ಕಾರಣ ಮೇಲೆ ಹೇಳಿದ್ದೇ: ಅದನ್ನು ಗಾಬರಿ ನಿಲ್ಲಿಸುವ ಗುಂಡಿಯ ಥರ ಒತ್ತುತ್ತೀರಿ. ಒಂದು ದಿನ ನಿಲ್ಲದಿದ್ದರೆ "ಇದಕ್ಕೂ ಬಗ್ಗಲಿಲ್ಲ" ಎಂದು ಗಾಬರಿ ದುಪ್ಪಟ್ಟಾಗುತ್ತದೆ.

ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ನೀವೇನೂ ಮಾಡದಿದ್ದರೂ ಇಳಿಯುತ್ತದೆ. ಆ ಹೊತ್ತು ದಾಟಿಸಿಕೊಳ್ಳುವುದಷ್ಟೇ ಕೆಲಸ. ಕಣ್ಣು ತೆರೆದಿಡಿ. ನಿಂತಿದ್ದರೆ ಎರಡೂ ಅಂಗಾಲನ್ನು ನೆಲಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಬಿಡಿ, ಮೂರ್ನಾಲ್ಕು ಸಲ. "ಎದೆ ಹೊಡೆದುಕೊಳ್ತಿದೆ, ಕೈ ಬೆವರ್ತಿದೆ, ಇದು ಗಾಬರಿ" ಎಂದು ಇರುವುದನ್ನಷ್ಟೇ ಹೇಳಿಕೊಳ್ಳಿ. "ಬಿದ್ದುಬಿಡ್ತೀನಿ" ಎನ್ನುವುದು ಇನ್ನೂ ಆಗದೇ ಇರುವುದು, ಅದು ಊಹೆ. ಆಮೇಲೆ ಗಮನವನ್ನು ಹೊರಗಿನ ಒಂದು ಸದ್ದಿಗೋ ಬಣ್ಣಕ್ಕೋ ಹರಿಸಿ, ಮತ್ತೆ ಅಂಗಾಲಿಗೆ ತನ್ನಿ. ಜಾಗ ಸುರಕ್ಷಿತವಾಗಿದ್ದರೆ ಗಾಬರಿ ತುದಿಯಲ್ಲಿರುವಾಗ ಎದ್ದು ಓಡಬೇಡಿ. ಓಡಿದರೆ ಬಚಾವಾಗಿದ್ದು ಓಡಿದ್ದಕ್ಕೇ ಎಂದು ಮೆದುಳು ಕಲಿಯುತ್ತದೆ, ಮುಂದಿನ ಸಲ ಆ ಜಾಗದ ಹತ್ತಿರ ಹೋಗುವುದೇ ಕಷ್ಟ. ವಾಹನ ಓಡಿಸುತ್ತಿದ್ದರೆ ಮಾತ್ರ ಮೊದಲು ಪಕ್ಕಕ್ಕೆ ಹಾಕಿ ನಿಲ್ಲಿಸಿ.

ಸೇರ್ಪಡೆ (ಮನೋವೈದ್ಯರು): ಮೊದಲ ಸಲ ಹೀಗಾದರೆ ಪ್ಯಾನಿಕ್ ಎಂದು ನೀವೇ ತೀರ್ಮಾನಿಸಬೇಡಿ. ಎದೆನೋವು ತೋಳಿಗೆ, ದವಡೆಗೆ ಹರಡಿದರೆ, ತಣ್ಣನೆ ಬೆವರು ಬಂದರೆ, ಪ್ರಜ್ಞೆ ತಪ್ಪಿದರೆ, ಶ್ರಮಪಟ್ಟಾಗ ನೋವು ಹೆಚ್ಚಾದರೆ ಉಸಿರಾಟದ ಅಭ್ಯಾಸಕ್ಕೆ ಕೂರದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಪ್ರಶ್ನೆ: "ಯೋಚನೆಗಳನ್ನು ಗಮನಿಸಿ, ಹೋಗೋಕೆ ಬಿಡಿ" ಅಂತಾರೆ. ಬಿಟ್ರೂ ಹೋಗದೇ ಇರೋ ಯೋಚನೆಗೆ ಏನು ಮಾಡೋದು? ಕೆಲಸ, ಸಾಲ, ಮಕ್ಕಳ ಆರೋಗ್ಯ, ಇವೆಲ್ಲ ನಿಜವಾದ ಚಿಂತೆಗಳೇ ಅಲ್ವಾ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಿಜವಾದ ಚಿಂತೆಯನ್ನು "ಬರೀ ಯೋಚನೆ" ಎಂದು ತಳ್ಳಿಹಾಕುವುದು ಮೈಂಡ್‌ಫುಲ್‌ನೆಸ್ ಅಲ್ಲ, ಆ ಮಾತು ಕೇಳಿದವರಿಗೆ ಸಿಟ್ಟು ಬರುವುದೂ ನ್ಯಾಯವೇ. ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದಕ್ಕೆ ಇವತ್ತು ಅಥವಾ ನಾಳೆ ನಾನು ಮಾಡಬಹುದಾದ ಒಂದು ಕೆಲಸ ಇದೆಯೇ? ಇದ್ದರೆ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ, ಸಮಯ ಸಮೇತ. "ಸಾಲದ ಬಗ್ಗೆ ನೋಡಬೇಕು" ಅಂತಲ್ಲ. "ನಾಳೆ 11 ಗಂಟೆಗೆ ಬ್ಯಾಂಕಿಗೆ ಫೋನ್ ಮಾಡಿ ಕಂತು ಮುಂದೂಡಬಹುದಾ ಕೇಳುವುದು". ಬರೆದಾದ ಮೇಲೆ ಉಳಿಯುವುದು "ಹಾಗಾದ್ರೆ? ಹೀಗಾದ್ರೆ?" ಎನ್ನುವ ಭಾಗ. ಅಭ್ಯಾಸ ಬೇಕಾಗುವುದು ಆ ಭಾಗಕ್ಕೆ.

ಅದಕ್ಕೆ ವಾಕ್ಯ ಬದಲಿಸಿ ನೋಡಿ. "ಕೆಲಸ ಹೋಗಿಬಿಡುತ್ತೆ" ಎಂಬುದನ್ನು "ಕೆಲಸ ಹೋಗಿಬಿಡುತ್ತೆ ಅನ್ನೋ ಯೋಚನೆ ಬಂದಿದೆ" ಎಂದು ಹೇಳಿಕೊಳ್ಳಿ. ಯೋಚನೆ ಸುಳ್ಳೆಂದು ವಾದಿಸಬೇಕಿಲ್ಲ, ಅದು ಸದ್ಯಕ್ಕೆ ಯೋಚನೆಯ ರೂಪದಲ್ಲಿದೆ ಎಂದು ಗುರುತಿಸಿದರೆ ಸಾಕು. ಭಾವನೆಗೂ ಹೆಸರಿಡಿ: ಭಯವೋ, ನಾಚಿಕೆಯೋ, ಸಿಟ್ಟೋ. ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಭಯದ ಪ್ರತಿಕ್ರಿಯೆಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿಯುವುದು 2007ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನದಲ್ಲಿ ಕಂಡಿತ್ತು. ಮೂರನೆಯದಾಗಿ ಅದು ಮೈಯಲ್ಲಿ ಎಲ್ಲಿದೆ ನೋಡಿ: ಗಂಟಲಲ್ಲೋ, ಹೊಟ್ಟೆಯಲ್ಲೋ, ಭುಜದಲ್ಲೋ. ಅಂಚು ಎಲ್ಲಿಗೆ ಮುಗಿಯುತ್ತದೆ? ಬಿಗಿಯೋ, ಬಿಸಿಯೋ, ನಡುಕವೋ? ಅರ್ಧ ನಿಮಿಷ ನೋಡಿ, ಕೈಯಲ್ಲಿದ್ದ ಕೆಲಸಕ್ಕೆ ಮರಳಿ.

ದಿನವಿಡೀ ಅದೇ ಸುತ್ತು ಹೊಡೆಯುವವರು ಚಿಂತೆಗೊಂದು ಹೊತ್ತು ಗೊತ್ತು ಮಾಡಿ. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಕ್ರಮ ಇದು: ದಿನಾ ಒಂದೇ ಜಾಗ, ಒಂದೇ ಸಮಯ, ಅರ್ಧ ಗಂಟೆ. ಉಳಿದ ಹೊತ್ತು ಚಿಂತೆ ಬಂದರೆ ಚೀಟಿಯಲ್ಲಿ ನಾಲ್ಕೈದು ಪದ ಬರೆದು ಮುಂದೂಡುವುದು, ಗಮನವನ್ನು ಎದುರಿಗಿರುವುದಕ್ಕೆ ತರುವುದು. ಹೊತ್ತು ಬಂದಾಗ ಚೀಟಿ ತೆಗೆದು ನಿಜವಾಗಿಯೂ ಚಿಂತಿಸಬೇಕು. ಅದನ್ನು ತಪ್ಪಿಸಿದರೆ ಮುಂದೂಡಿದ್ದೆಲ್ಲ ಮೋಸ ಎಂದು ಮನಸ್ಸಿಗೆ ಗೊತ್ತಾಗುತ್ತದೆ, ಮಾರನೇ ದಿನ ಅದು ಮಾತು ಕೇಳುವುದಿಲ್ಲ. ಹಾಸಿಗೆಯ ಮೇಲೆ ಬೇಡ, ಮಲಗುವ ಮುಂಚಿನ ಎರಡು ಗಂಟೆಯಲ್ಲೂ ಬೇಡ.

ಪ್ರಶ್ನೆ: ರಾತ್ರಿ ನಿದ್ದೆ ಬರಲಿ ಅಂತ ಬಾಡಿ ಸ್ಕ್ಯಾನ್ (ಮೈಯ ಒಂದೊಂದೇ ಭಾಗಕ್ಕೆ ಗಮನ ಹರಿಸೋದು) ಮಾಡ್ಬಹುದಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಮಾಡಬಹುದು. "ನಿದ್ದೆ ಬರಲಿ" ಅಂತ ಮಾಡಿದರೆ ಮತ್ತೆ ಕಾಯುವ ಕೆಲಸ ಶುರು. ಕಾಲಬೆರಳಿಂದ ತಲೆಯವರೆಗೆ ಒಂದೊಂದು ಜಾಗಕ್ಕೆ ಎರಡು ಮೂರು ಉಸಿರು ಕೊಟ್ಟು ಸಾಗಿ. ಸುಮಾರು 20 ನಿಮಿಷವಾದರೂ ಎಚ್ಚರವಾಗಿಯೇ ಇದ್ದೀರಿ ಅನ್ನಿಸಿದರೆ (ಗಡಿಯಾರ ನೋಡಬೇಡಿ, ಅಂದಾಜು ಸಾಕು) ಎದ್ದು ಮಂದ ಬೆಳಕಿನಲ್ಲಿ ಕೂತು, ಜೊಂಪು ಬಂದಾಗ ವಾಪಸ್ ಹೋಗಿ.

ಪ್ರಶ್ನೆ: ಬಾಡಿ ಸ್ಕ್ಯಾನ್ ಮಾಡುವಾಗ ಹಳೆಯ ಕೆಟ್ಟ ಘಟನೆ ಕಣ್ಣಮುಂದೆ ಬರೋದು, ಮೈ ಮರಗಟ್ಟಿದಂತಾಗೋದು ಆಗ್ತಿದ್ರೆ ಮುಂದುವರಿಸಬೇಕಾ?

ಉತ್ತರ (ಮನೋವೈದ್ಯರು): ಬೇಡ, ನಿಲ್ಲಿಸಿ. "ಸಹಿಸಿಕೊಂಡು ಕೂತರೆ ದಾಟುತ್ತದೆ" ಎನ್ನುವ ಸಲಹೆ ಇಲ್ಲಿ ಹಾನಿ ಮಾಡುತ್ತದೆ. ಆಘಾತ ಅನುಭವಿಸಿದವರಿಗೆ ಮೈಯೊಳಗೆ ಗಮನ ಹರಿಸುವುದೇ ನೆನಪನ್ನು ಕೆರಳಿಸಬಹುದು. ಘಟನೆ ಮತ್ತೆ ನಡೆಯುತ್ತಿರುವಂತೆ ಅನ್ನಿಸುವುದು, ತಾನು ಮೈಯಿಂದ ಆಚೆ ಇದ್ದಂತಾಗುವುದು, ಸುತ್ತಲಿನದು ಮಂಜಾದಂತೆ ಕಾಣುವುದು ನಿಲ್ಲಿಸಬೇಕಾದ ಗುರುತುಗಳು. ಕಣ್ಣು ತೆರೆಯಿರಿ, ಕೋಣೆಯನ್ನು ಸುತ್ತ ನೋಡಿ, ತಣ್ಣನೆಯ ಅಥವಾ ಒರಟಾದ ಏನನ್ನಾದರೂ ಕೈಯಲ್ಲಿ ಹಿಡಿಯಿರಿ, ಇವತ್ತಿನ ತಾರೀಖು, ಇರುವ ಜಾಗ ಗಟ್ಟಿಯಾಗಿ ಹೇಳಿ. ಮುಂದೆ ಮಾಡುವುದಿದ್ದರೆ ಹೊರಗಿನ ಸದ್ದು, ನಡಿಗೆ, ಕೈಗೆಲಸ ಇವುಗಳಲ್ಲೇ ಇರಲಿ, ಒಂದು ಸಲಕ್ಕೆ ಒಂದು ನಿಮಿಷ ಮೀರದಿರಲಿ. ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಇರುವವರ ಜೊತೆ ಮಾಡುವುದು ಸೂಕ್ತ.

ಪ್ರಶ್ನೆ: ಮೈಂಡ್‌ಫುಲ್‌ನೆಸ್ ಮಾತ್ರೆಯಷ್ಟೇ ಕೆಲಸ ಮಾಡುತ್ತೆ ಅಂತ ಓದಿದ್ವಿ ಸರ್. ಹಾಗಾದ್ರೆ ಮಾತ್ರೆ ಬಿಡ್ಬಹುದಾ?

ಉತ್ತರ (ಮನೋವೈದ್ಯರು): ನೀವು ಓದಿದ್ದು ಬಹುಶಃ 2022ರ ಕೊನೆಗೆ ಪ್ರಕಟವಾದ ಅಮೆರಿಕದ ಪ್ರಯೋಗದ ಸುದ್ದಿ. ಆತಂಕದ ಕಾಯಿಲೆ ಇರುವ 276 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರದ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮ, ಇನ್ನೊಂದಕ್ಕೆ ಆತಂಕಕ್ಕೆ ಕೊಡುವ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆ 10ರಿಂದ 20 ಮಿಲಿಗ್ರಾಂ ಕೊಟ್ಟರು. ಎಂಟು ವಾರದ ಕೊನೆಗೆ ಕಾರ್ಯಕ್ರಮದ ಫಲಿತಾಂಶ ಮಾತ್ರೆಗಿಂತ ಕಡಿಮೆಯಿರಲಿಲ್ಲ. ಸುದ್ದಿಯಲ್ಲಿ ಬಿಟ್ಟುಹೋಗುವುದು ಇದು: ಅಲ್ಲಿ ಮಾಡಿಸಿದ್ದು ದಿನಕ್ಕೆ 45 ನಿಮಿಷದ ಅಭ್ಯಾಸ, ವಾರವಾರ ಶಿಕ್ಷಕರ ಮಾರ್ಗದರ್ಶನದೊಂದಿಗೆ. ತೆಗೆದುಕೊಳ್ಳುತ್ತಿರುವ ಮಾತ್ರೆ ಬಿಟ್ಟು ನೋಡಿದ ಪ್ರಯೋಗ ಅದಲ್ಲ.

ಆದ್ದರಿಂದ ಮಾತ್ರೆ ನಡೆಯುತ್ತಿದ್ದರೆ ಅದರ ಜೊತೆಗೇ ಅಭ್ಯಾಸ ಮಾಡಿ. ಇಳಿಸುವುದಿದ್ದರೆ ಬರೆದುಕೊಟ್ಟ ವೈದ್ಯರೇ ಹಂತ ಹಂತವಾಗಿ ಇಳಿಸಬೇಕು. ಕ್ಲೋನಜೆಪಾಮ್, ಆಲ್‌ಪ್ರಜೋಲಾಮ್ ಥರದ ಆತಂಕ ತಗ್ಗಿಸುವ ಮಾತ್ರೆಗಳನ್ನು ಬಹಳ ದಿನ ತೆಗೆದುಕೊಂಡು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಪ್ರಶ್ನೆ: ಸುಧಾರಿಸ್ತಿದ್ದೀವಾ ಇಲ್ವಾ ಅಂತ ತಿಳ್ಕೊಳ್ಳೋದು ಹೇಗೆ? ಎಷ್ಟರ ಮೇಲೆ ಡಾಕ್ಟರ ಹತ್ರ ಹೋಗ್ಬೇಕು?

ಉತ್ತರ (ಮನೋವೈದ್ಯರು): ದಿನದಿನ ಅಳೆಯಬೇಡಿ, ಆತಂಕ ಏರಿಳಿಯುವುದೇ ಅದರ ಸ್ವಭಾವ. ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 21. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ. ಎರಡು ವಾರಕ್ಕೊಮ್ಮೆ ತುಂಬಿಸಿ ಬರೆದಿಡಿ. 10 ಅಥವಾ ಹೆಚ್ಚು ಬಂದರೆ ತಪಾಸಣೆಗೆ ಹೋಗಿ. ಅಂಕ ಕಡಿಮೆಯಿದ್ದರೂ ಕೆಲಸ, ನಿದ್ದೆ, ಮನೆ ಮಂದಿಯ ಜೊತೆಗಿನ ಒಡನಾಟ ಕೆಡುತ್ತಿದ್ದರೆ ಹೋಗಬೇಕು. ಸಾಯುವ ಯೋಚನೆ ಬಂದರೆ ಅಂದೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ, ಅಂದೇ ವೈದ್ಯರನ್ನು ಕಾಣಿ. ತೂಕ ಇಳಿಯುವುದು, ಕೈ ನಡುಗುವುದು, ಸೆಖೆ ತಡೆಯಲಾಗದಿರುವುದು ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆಯಲ್ಲೂ ಎದೆ ಢವಢವ ಎನ್ನುತ್ತದೆ.

ಪ್ರಶ್ನೆ: ಎರಡು ವಾರ ಮಾಡಿ ಒಂದು ವಾರ ಬಿಟ್ಟುಹೋದ್ರೆ ಮೊದಲಿಂದ ಶುರು ಮಾಡ್ಬೇಕಾ? ಮೊಬೈಲಲ್ಲಿ ರಿಮೈಂಡರ್ ಇಟ್ರೆ ಸಾಕಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಬಿಟ್ಟ ದಿನಗಳನ್ನು ತುಂಬಿಸಲು ಹೋಗಬೇಡಿ. ಮೊದಲು ಆರಿಸಿದ ಆ ಒಂದೇ ಕೆಲಸದಿಂದ ಮತ್ತೆ ಹಿಡಿಯಿರಿ, ಎರಡು ನಿಮಿಷ. ರಿಮೈಂಡರ್ ಮೊದಲ ವಾರಕ್ಕೆ ಆಗಬಹುದು, ಆಮೇಲೆ ಬೆರಳು ಅದನ್ನು ತಾನಾಗಿ ಒರೆಸಿ ಹಾಕುತ್ತದೆ. ಅದಕ್ಕಿಂತ ನಲ್ಲಿಯ ಮೇಲೋ ಬ್ರಷ್ಷಿನ ಹಿಡಿಯ ಮೇಲೋ ಒಂದು ಬಣ್ಣದ ಟೇಪು ಸುತ್ತಿ. ಕಣ್ಣಿಗೆ ಹೊಂದಿಕೊಂಡು ಕಾಣದಂತಾದಾಗ ಜಾಗ ಬದಲಿಸಿ.